ಮೀಸೆಯಿಲ್ಲದ ಮನ್ಮಥ

ಕರಾವಳಿಯಲ್ಲಿ ಯಕ್ಷಗಾನಕ್ಕೆ ‘ಗಂಡುಕಲೆ’ ಎಂಬ ಬಿರುದಿದೆ. ಚೆಂಡೆಯ ಅಬ್ಬರ, ಬುಗುರಿಯಂತೆ ಗಾಳಿಯಲ್ಲಿ ತಿರುಗುವ ದಿಗಿಣ, ಇರುಳಿಡೀ ಕುಣಿದರೂ ದಣಿಯದ ಮೈ, ವೀರ ಮತ್ತು ರೌದ್ರ ರಸಗಳ ಮೇಲುಗೈ ಇವೆಲ್ಲ ಸೇರಿ ಆ ಹೆಸರು ಅಂಟಿಕೊಂಡಿದೆ. ಆದರೆ ಬಂಟ್ವಾಳದ ಗದ್ದೆಯಲ್ಲೋ ಬೆಳ್ತಂಗಡಿಯ ದೇವಸ್ಥಾನದೆದುರೋ ನಡೆಯುವ ಬಯಲಾಟದ ಚೌಕಿಯೊಳಗೆ ಇಣುಕಿದರೆ ಬಿರುದಿಗೂ ಕಲೆಗೂ ಅಷ್ಟು ಸಲೀಸಾದ ಹೊಂದಾಣಿಕೆ ಕಾಣುವುದಿಲ್ಲ. ಅಲ್ಲಿ ಒಬ್ಬ ಗಂಡಸು ರಾಜನ ಮೀಸೆ ತಿದ್ದಿಕೊಳ್ಳುತ್ತಿದ್ದರೆ, ಅವನ ಮಗ್ಗುಲಲ್ಲೇ ಕುಳಿತ ಇನ್ನೊಬ್ಬ ಗಂಡಸು ಹುಬ್ಬು ಬರೆದು, ಸೀರೆಯ ನಿರಿಗೆ ಹಿಡಿದು, ಮುಡಿಗೆ ಹೂ ಏರಿಸುತ್ತಿರುತ್ತಾನೆ. ಇನ್ನೊಂದು ತಾಸಿನಲ್ಲಿ ಮೊದಲಿನವನು ಎರಡನೆಯವನ ಚೆಲುವಿಗೆ ಮರುಳಾಗಬೇಕು. ಎದುರು ಕುಳಿತ ಊರೂ ಮರುಳಾಗಬೇಕು.

ಗಂಡು ಎಂದರೆ ಹೀಗೇ ಇರಬೇಕೆಂಬ ಅಚ್ಚು ಮೊದಲು ಭಾಷೆಯಲ್ಲೇ ಬಿದ್ದಿದೆ. ಹಳಗನ್ನಡದ ‘ಗಂಡ’ ಶೂರನೂ ಹೌದು, ಪತಿಯೂ ಹೌದು. ವಿಜಯನಗರದ ಅರಸರು ‘ಮೂರು ರಾಯರ ಗಂಡ’ ಎನಿಸಿಕೊಂಡದ್ದು ಮೊದಲ ಅರ್ಥದಲ್ಲಿ. ಧೈರ್ಯಕ್ಕೆ ‘ಗಂಡೆದೆ’, ಕೆಚ್ಚಿನ ಊರಿಗೆ ‘ಗಂಡುಮೆಟ್ಟಿನ ನೆಲ’. ಅದೇ ಧೈರ್ಯವನ್ನು ಹೆಂಗಸು ತೋರಿದರೆ ‘ಗಂಡುಬೀರಿ’. ಗಂಡಸಿನ ನಡೆನುಡಿ ಮೆತ್ತಗಿದ್ದರೆ ‘ಹೆಣ್ಣಿಗ’. ಗಾದೆಗಳು ಇನ್ನಷ್ಟು ನಿಷ್ಠುರ. ಗಂಡಸಿಗೇಕೆ ಗೌರಿ ದುಃಖ ಎನ್ನುತ್ತದೆ ಒಂದು. ಅಳುವ ಗಂಡಸನ್ನೂ ನಗುವ ಹೆಂಗಸನ್ನೂ ನಂಬಬೇಡ ಎನ್ನುತ್ತದೆ ಇನ್ನೊಂದು. ‘ಉದ್ಯೋಗಂ ಪುರುಷಲಕ್ಷಣಂ’ ಎಂಬುದಂತೂ ಸಂಸ್ಕೃತ ಬಾರದವರ ಬಾಯಲ್ಲೂ ಇದೆ. ಕಣ್ಣೀರು, ಮೆದುತನ, ಬರಿಗೈ ಈ ಮೂರೂ ಗಂಡಸಿಗೆ ನಿಷಿದ್ಧ ಎಂದಾಯಿತು.

ಗಾದೆ ಹೇಳಿದಷ್ಟನ್ನು ರಂಗಸ್ಥಳ ಒಪ್ಪಿಕೊಂಡಿಲ್ಲ. ತೆಂಕುತಿಟ್ಟಿನ, ಅಂದರೆ ತೆಂಕಣ ಶೈಲಿಯ, ಯಕ್ಷಗಾನ ಗಂಡಸನ್ನು ಒಂದೇ ಎರಕದಲ್ಲಿ ಹೊಯ್ಯದೆ ಹಲವು ಬಗೆಗಳಾಗಿ ಬಿಡಿಸಿ ಇಟ್ಟಿದೆ. ಗಾಂಭೀರ್ಯದ ರಾಜವೇಷ ಒಂದು. ಅಭಿಮನ್ಯು, ಬಭ್ರುವಾಹನರಂಥ ಎಳೆಯ ವೀರರ ಪುಂಡುವೇಷ ಇನ್ನೊಂದು. ಇಲ್ಲಿ ಸೊಗಸಿರುವುದು ತೋಳಿನ ಗಾತ್ರದಲ್ಲಲ್ಲ, ಮೈಯ ಹಗುರದಲ್ಲಿ. ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟು, ಗಂಟೆಗಟ್ಟಲೆ ಕುಳಿತು ಬರೆದುಕೊಳ್ಳುವ ಬಣ್ಣದ ವೇಷ ಮತ್ತೊಂದು. ಹೆಗಲಗಲ, ಆರ್ಭಟ, ತೊಡೆ ತಟ್ಟುವ ಸೊಕ್ಕು, ಇಂದು ‘ಮಾಸ್’ ಎನಿಸಿಕೊಳ್ಳುವ ಗುಣಗಳೆಲ್ಲ ಗುತ್ತಿಗೆ ಹಿಡಿದಂತೆ ಇರುವುದು ಈ ಬಣ್ಣದ ವೇಷಕ್ಕೆ, ಅಂದರೆ ರಕ್ಕಸರಿಗೆ. ಸಿನಿಮಾ ನಾಯಕನಿಗೆ ಕೊಟ್ಟದ್ದನ್ನು ಯಕ್ಷಗಾನ ಮಹಿಷಾಸುರನಿಗೆ ಕೊಟ್ಟಿತ್ತು ಎಂಬುದು ನೆನಪಿಡಬೇಕಾದ ಸಂಗತಿ.

ಹೆಣ್ಣಿನ ಪಾತ್ರಗಳಲ್ಲೂ ಹೀಗೆಯೇ ಹಲವು ಕವಲು. ಗರತಿಯ ವೇಷ, ಶೃಂಗಾರದ ವೇಷ ಬೇರೆ ಬೇರೆ. ಪ್ರಮೀಳೆ, ಶಶಿಪ್ರಭೆಯಂಥ ಯೋಧೆಯರು ಕಚ್ಚೆ ಕಟ್ಟಿ ಬರುವ ಕಸೆ ಸ್ತ್ರೀವೇಷ ಇನ್ನೊಂದು. ಶೂರ್ಪನಖಿ, ಪೂತನಿಯರು ‘ಹೆಣ್ಣು ಬಣ್ಣ’ದ ಪಾಲು. ವೃತ್ತಿಮೇಳಗಳಲ್ಲಿ ಇವನ್ನೆಲ್ಲ ಮಾಡುತ್ತ ಬಂದವರು ಗಂಡಸರು. ಕೋಳ್ಯೂರು ರಾಮಚಂದ್ರ ರಾವ್, ಪಾತಾಳ ವೆಂಕಟರಮಣ ಭಟ್ಟರಂಥ ಕಲಾವಿದರ ಹೆಸರು ತೆಂಕಿನ ಸ್ತ್ರೀವೇಷದ ಮಾತು ಬಂದಲ್ಲೆಲ್ಲ ಬರುತ್ತದೆ. ಭಸ್ಮಾಸುರ ಮೋಹಿನಿ ಪ್ರಸಂಗದಲ್ಲಿ ವಿಷ್ಣುವೆಂಬ ಗಂಡು ಮೋಹಿನಿಯೆಂಬ ಹೆಣ್ಣಾಗುತ್ತಾನೆ. ಆ ಹೆಣ್ಣನ್ನು ಮತ್ತೊಬ್ಬ ಗಂಡಸು ಆಡಿ ತೋರಿಸುತ್ತಾನೆ. ದೇವಿಮಹಾತ್ಮೆಯಲ್ಲಿ ಶುಂಭ ನಿಶುಂಭರ ತಲೆ ಕೆಡಿಸುವ ಚೆಲುವು, ಮಹಿಷನನ್ನು ತುಳಿಯುವ ಶಕ್ತಿ ಎರಡೂ ಸೀರೆಯುಟ್ಟ ಒಬ್ಬ ಗಂಡಸಿನ ಮೈಯಲ್ಲೇ ಮೂಡಬೇಕು. ನೆರೆದ ಊರಿಗೆ ಇದು ವಿಚಿತ್ರವೆನಿಸುವುದಿಲ್ಲ. ದೇವಿ ರಂಗಕ್ಕೆ ಬಂದಾಗ ಕುಳಿತವರು ಕೈ ಮುಗಿಯುತ್ತಾರೆ. ಹಗಲು ಅದೇ ಕಲಾವಿದನ ನಡಿಗೆಯನ್ನು ಕಂಡು ಹುಡುಗರು ಹಲ್ಲು ಕಿಸಿಯುವುದೂ ಉಂಟು. ರಂಗದಲ್ಲಿ ಕಲೆಯೆನಿಸಿದ್ದು ರಸ್ತೆಗೆ ಬಂದೊಡನೆ ಗೇಲಿಯಾಗುವ ಈ ಇಬ್ಬಂದಿಯನ್ನು ಯಕ್ಷಗಾನವೊಂದೇ ಬಗೆಹರಿಸಲಾರದು.

ಆದರೂ ಗಂಡಸ್ತನದ ಹಟ ಎಲ್ಲಿಗೆ ಮುಟ್ಟುತ್ತದೆಂಬುದನ್ನು ಅದೇ ರಂಗ ಪ್ರಸಂಗವಾಗಿ ಆಡಿದೆ. ಲಕ್ಷ್ಮೀಶನ ಜೈಮಿನಿ ಭಾರತದಿಂದ ಬಂದ ಬಭ್ರುವಾಹನ ಕಾಳಗ ಇದಕ್ಕೆ ಒಳ್ಳೆಯ ಉದಾಹರಣೆ. ಮಣಿಪುರದ ಅರಸು ಬಭ್ರುವಾಹನ ತಾನು ಕಟ್ಟಿದ ಅಶ್ವಮೇಧದ ಕುದುರೆ ತಂದೆಯದೆಂದು ತಿಳಿದೊಡನೆ ಕಾಣಿಕೆ ಹಿಡಿದು ಅರ್ಜುನನ ಕಾಲಿಗೆರಗುತ್ತಾನೆ. ಅರ್ಜುನ ಅವನನ್ನು ಒದ್ದು, ಕುದುರೆ ಕಟ್ಟಿ ಕಾದದೆ ಮಣಿದು ಬಂದವನು ತನ್ನ ಮಗನೇ ಅಲ್ಲವೆನ್ನುತ್ತಾನೆ. ಮಾತು ತಾಯಿ ಚಿತ್ರಾಂಗದೆಯ ಶೀಲಕ್ಕೂ ತಗಲುತ್ತದೆ. ವಿನಯವಂತ ಮಗ ಆಗ ಬಿಲ್ಲೆತ್ತಿ, ‘ಗಂಡು’ ಎಂದು ರುಜುವಾತುಪಡಿಸಲು ತಂದೆಯ ತಲೆಯನ್ನೇ ಕತ್ತರಿಸುತ್ತಾನೆ. ಸತ್ತವನನ್ನು ಬದುಕಿಸಲು ಪಾತಾಳದಿಂದ ಮಣಿ ಬರಬೇಕಾಗುತ್ತದೆ. ತಾಳಮದ್ದಳೆಯಲ್ಲಿ ಈ ಪ್ರಸಂಗ ಬಂದರೆ ಅರ್ಥಧಾರಿಗಳು ಅರ್ಜುನನ ಆ ಒಂದು ಒದೆತದ ಮೇಲೆಯೇ ಗಂಟೆಗಟ್ಟಲೆ ವಾದಿಸಬಲ್ಲರು. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಶಾಲಿನಲ್ಲಿ ಕುಳಿತ ನಡುವಯಸ್ಸಿನ ಗಂಡಸರು ಮಾತಿನಿಂದಲೇ ವೀರರಾಗುವ ಕಲೆ ಅದು. ಅಲ್ಲಿ ಹೊಟ್ಟೆ ಬಂದಿದೆಯೇ, ತಲೆ ಬೋಳಾಗಿದೆಯೇ ಎಂದು ಯಾರೂ ನೋಡುವುದಿಲ್ಲ.

ರಂಗಸ್ಥಳದ ರೂಪ ಬೆಳಗಾದರೆ ಅಳಿಸಿಹೋಗುತ್ತದೆ. ಕಲ್ಲಿನಲ್ಲಿ ನಿಂತ ರೂಪಗಳು ಬೆಳ್ತಂಗಡಿ ತಾಲೂಕಿನಲ್ಲೇ ಎರಡಿವೆ. ಫಲ್ಗುಣಿ ನದಿಯ ದಡದ ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ 35 ಅಡಿಯ ಗೊಮ್ಮಟ ಒಂದು. ಧರ್ಮಸ್ಥಳದ ರತ್ನಗಿರಿಯ ಮೇಲಿನ 39 ಅಡಿಯ ಬಾಹುಬಲಿ ಇನ್ನೊಂದು; ಕಾರ್ಕಳದಲ್ಲಿ ರೆಂಜಾಳ ಗೋಪಾಲ ಶೆಣೈ ಕಡೆದ ಈ ಏಕಶಿಲೆಯನ್ನು 1973ರಲ್ಲಿ ಧರ್ಮಸ್ಥಳಕ್ಕೆ ಸಾಗಿಸಲಾಯಿತು, 1982ರಲ್ಲಿ ಪ್ರತಿಷ್ಠೆಯಾಯಿತು. ಕರಾವಳಿಯ ದೊಡ್ಡ ಗಂಡುಮೈಗಳಲ್ಲಿ ಇವೂ ಸೇರುತ್ತವೆ ಎಂದರೆ ತಪ್ಪಾಗದು. ಅಷ್ಟು ಎತ್ತರದ ಆಳಿನ ಮುಖದಲ್ಲಿ ಮೀಸೆ ಇಲ್ಲ. ಗುಂಗುರು ಕೂದಲು, ಜೋಲುವ ಕಿವಿ, ಅಗಲವಾದ ಹೆಗಲು, ಉದ್ದ ತೋಳು; ಆದರೆ ಹೊಟ್ಟೆಯ ಮೇಲೆ ಗಂಟುಗಂಟಾದ ಮಾಂಸಖಂಡಗಳಿಲ್ಲ, ಕೈಯಲ್ಲಿ ಆಯುಧವಿಲ್ಲ. ಜೈನ ಶಿಲ್ಪದ ಮೈ ಉಸಿರು ತುಂಬಿ ನಿಂತಂತೆ ನುಣುಪಾಗಿರುತ್ತದೆ, ಯಾರನ್ನೂ ಹೆದರಿಸಲು ಬಿಗಿದುಕೊಂಡದ್ದಲ್ಲ. ವೇಣೂರಿನ ವಿಗ್ರಹಕ್ಕಂತೂ ಗುಳಿಬಿದ್ದ ಕೆನ್ನೆ, ತುಟಿಯಲ್ಲಿ ಕಂಡೂ ಕಾಣದ ನಗು. ತೊಡೆ ತೋಳುಗಳಿಗೆ ಬಳ್ಳಿ ಹಬ್ಬಿದೆ. ಕದಲದೆ ನಿಂತವನಿಗಷ್ಟೇ ಬಳ್ಳಿ ಹಬ್ಬಲು ಸಾಧ್ಯ.

ಜೈನ ಪರಂಪರೆಯಲ್ಲಿ ಬಾಹುಬಲಿ ಮೊದಲ ಕಾಮದೇವ. ಗಂಡಿನ ಚೆಲುವಿಗೆ ಅವನೇ ಮಾದರಿ. ಪಂಪ 941ರಲ್ಲಿ ಬರೆದ ಆದಿಪುರಾಣದಲ್ಲಿ ಅವನು ಅಣ್ಣ ಭರತನನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆಲ್ಲುತ್ತಾನೆ. ಎತ್ತಿ ಹಿಡಿದ ಅಣ್ಣನನ್ನು ನೆಲಕ್ಕೆ ಬಡಿಯುವ ಬದಲು ಮೆಲ್ಲನೆ ಇಳಿಸಿ, ಗೆದ್ದ ರಾಜ್ಯವನ್ನು ಬಿಟ್ಟು ನಡೆಯುತ್ತಾನೆ. ಗೆಲ್ಲುವ ತಾಕತ್ತೂ ಬಿಡುವ ತಾಕತ್ತೂ ಒಂದೇ ಮೈಯಲ್ಲಿ ಸೇರಿದ್ದರಿಂದಲೇ ಆ ರೂಪ ಬೆಟ್ಟದ ಮೇಲೆ ನಿಂತಿದೆ. ಅರಸರಿಗೆ ಮಾತ್ರ ಇದು ಪೂರ್ತಿ ತಲೆಗೆ ಹತ್ತಿದಂತಿಲ್ಲ. ವೇಣೂರಿನಲ್ಲಿ ಗೊಮ್ಮಟ ಏಳುವುದನ್ನು ಸಹಿಸದೆ ಕಾರ್ಕಳದ ಭೈರವರಸ ದಂಡೆತ್ತಿ ಬಂದನೆಂದೂ, ಅಜಿಲ ವಿಗ್ರಹವನ್ನು ಹೊಳೆಯ ಮರಳಿನಲ್ಲಿ ಹೂತು ಕಾಪಾಡಿದನೆಂದೂ ಐತಿಹ್ಯವಿದೆ. ಜಗಳ ಬಿಟ್ಟವನ ಮೂರ್ತಿಗಾಗಿ ಜಗಳ!

ಮೂಡುಬಿದಿರೆಯ ರತ್ನಾಕರವರ್ಣಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಹದಿನಾರನೆಯ ಶತಮಾನದ ಈ ಕವಿ ಸಾಂಗತ್ಯದಲ್ಲಿ ಬರೆದ ‘ಭರತೇಶ ವೈಭವ’ದಲ್ಲಿ ಅಣ್ಣತಮ್ಮಂದಿರ ಆ ಪ್ರಸಿದ್ಧ ಕಾಳಗವೇ ನಡೆಯುವುದಿಲ್ಲ. ಮುನಿದು ನಿಂತ ತಮ್ಮನನ್ನು ಭರತ ಮಾತಿನಿಂದಲೇ ಕರಗಿಸುತ್ತಾನೆ. ಪಂಪನಂಥ ಮಹಾಕವಿ ಮೆರೆಸಿದ ಯುದ್ಧವನ್ನು ಕೈಬಿಡಲು ಕವಿಗೆ ಎದೆಗಾರಿಕೆ ಬೇಕಿತ್ತು. ಅವನ ಭರತ ಹೆಂಡಿರೊಡನೆ ಸರಸವಾಡುತ್ತ, ಸಂಗೀತ ಕಾವ್ಯಗಳನ್ನು ಸವಿಯುತ್ತ, ನಡುನಡುವೆ ಕಣ್ಮುಚ್ಚಿ ಧ್ಯಾನಕ್ಕೆ ಇಳಿಯುವ ಚಕ್ರವರ್ತಿ. ಚಕ್ರವರ್ತಿಯ ಹಿರಿಮೆಯನ್ನು ಕತ್ತಿಯ ಬದಲು ಮನೆವಾರ್ತೆಯಲ್ಲಿ ಕಂಡ ಕವಿ ಕನ್ನಡದಲ್ಲಿ ವಿರಳ.

ದೈವಗಳ ಲೋಕಕ್ಕೆ ಬಂದರೆ ಗಂಡು ಹೆಣ್ಣಿನ ಗೆರೆಯೇ ಮಸುಕಾಗುತ್ತದೆ. ಬಂಟ್ವಾಳ ಸೀಮೆಯೂ ಸೇರಿ ತುಳುನಾಡಿನ ಉದ್ದಗಲಕ್ಕೂ ನಂಬಿಕೊಂಡು ಬಂದ ಜುಮಾದಿ, ಅಂದರೆ ಧೂಮಾವತಿ, ಕತ್ತಿನಿಂದ ಕೆಳಗೆ ಹೆಣ್ಣು, ಮೇಲೆ ಗಂಡು. ಮೀಸೆಯೂ ಮೊಲೆಯೂ ಕೂಡಿದ ದೈವ. ಆ ದೈವದ ಮುಂದೆ ಮೀಸೆ ತಿರುವುವ ಗುತ್ತಿನ ಯಜಮಾನನೂ ತಲೆ ತಗ್ಗಿಸುತ್ತಾನೆ. ಅವಳಿ ವೀರರಾದ ಕೋಟಿ ಚೆನ್ನಯರಿಗೆ ಊರೂರಲ್ಲಿ ಗರಡಿಗಳಿವೆ. ಪಾಡ್ದನವೆಂಬ ತುಳು ಜನಪದ ಹಾಡು ಅವರನ್ನು ಗುರುತಿಸುವುದು ಮದ್ದು ಬಲ್ಲ ತಾಯಿ ದೇಯಿ ಬೈದೆತಿಯ ಮಕ್ಕಳೆಂದು.

ತಾಯಿಯ ಹೆಸರು ಮುಂದೆ ಬಂದದ್ದು ಕಾಕತಾಳೀಯವಲ್ಲ. ಬಂಟರು, ಬಿಲ್ಲವರು, ಜೈನರು ಮೊದಲಾದ ಸಮುದಾಯಗಳಲ್ಲಿ ಅಳಿಯಸಂತಾನ ಕಟ್ಟು ನಡೆಯುತ್ತಿತ್ತು. ಬಳಿ ಎಂಬ ಕುಲವೂ ಆಸ್ತಿಯ ಹಕ್ಕೂ ತಾಯಿಯ ಕಡೆಯಿಂದ ಇಳಿಯುತ್ತಿದ್ದವು. ಗಂಡಸಿನ ಆಸ್ತಿ ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಇದನ್ನು ಹೆಣ್ಣಾಳ್ವಿಕೆ ಎನ್ನುವುದು ಅತಿಶಯವೇ. ಮನೆಯ ಕೀಲಿಕೈ ಹೆಚ್ಚಾಗಿ ಮಾವನ, ತುಳುವಿನ ‘ತಮ್ಮಲೆ’ಯ, ಸೊಂಟದಲ್ಲೇ ಇರುತ್ತಿತ್ತು. ಆದರೆ ಗಂಡು ಮಗನನ್ನು ಹುಟ್ಟಿಸಿದರೆ ಮಾತ್ರ ಗಂಡಸು ಎಂಬ ಲೆಕ್ಕ ಅಲ್ಲಿ ನಡೆಯುತ್ತಿರಲಿಲ್ಲ. ಮನೆತನ ಉಳಿಯಲು ಹೆಣ್ಣು ಹುಟ್ಟಬೇಕಿತ್ತು. ಪುತ್ತಿಗೆ, ಮೂಡುಬಿದಿರೆಗಳಲ್ಲಿ ಬೀಡು ಹೊಂದಿದ್ದ ಚೌಟರ ವಂಶದ ಅಬ್ಬಕ್ಕ ಉಳ್ಳಾಲದ ರಾಣಿಯಾಗಿ ಪೋರ್ಚುಗೀಸರನ್ನು ಎದುರಿಸಿದ್ದು ಇದೇ ಕಟ್ಟಿನಿಂದ ಗದ್ದುಗೆ ದೊರೆತು. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಅವಳ ಹೆಸರಿನ ತುಳು ಅಧ್ಯಯನ ಕೇಂದ್ರವೂ ವಸ್ತುಸಂಗ್ರಹಾಲಯವೂ ಇವೆ.

ಈ ಬಹುರೂಪಗಳು ಕಿರಿದಾಗಲು ಕಾರಣ ಒಂದೇ ಅಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಈ ಸೀಮೆ ಕಂಪನಿಯ ಕೈಸೇರಿತು. ವಸಾಹತು ಆಡಳಿತ ಇಂಡಿಯಾದ ಜನರನ್ನು ‘ಯೋಧ ಜಾತಿ’, ‘ಹೆಣ್ಣಿಗ ಜಾತಿ’ ಎಂದು ವಿಂಗಡಿಸಿ ಸೈನ್ಯಕ್ಕೆ ಸೇರಿಸಿಕೊಳ್ಳುತ್ತಿತ್ತು. ಆ ಹೀಯಾಳಿಕೆ ನೆಟ್ಟದ್ದು ಹೆಚ್ಚಾಗಿ ಬಂಗಾಳಿ ಬಾಬುಗಳಿಗೆ. ಇತಿಹಾಸಕಾರ್ತಿ ಮೃಣಾಲಿನಿ ಸಿನ್ಹಾ 1995ರ ತಮ್ಮ ಪುಸ್ತಕದಲ್ಲಿ ಇದನ್ನು ಬಿಡಿಸಿಟ್ಟಿದ್ದಾರೆ. ಆಳುವವನ ಗಂಡಸ್ತನವೇ ಗಂಡಸ್ತನ ಎಂದು ಆಳಿಸಿಕೊಂಡವರೂ ನಂಬತೊಡಗಿದ್ದನ್ನು ಚಿಂತಕ ಆಶಿಸ್ ನಂದಿ 1983ರಲ್ಲೇ ವಿವರಿಸಿದ್ದರು. ಗಂಡ, ಹೆಂಡತಿ, ಮಕ್ಕಳ ಸಂಸಾರವೇ ಸರಿಯಾದ ಸಂಸಾರ ಎಂಬ ಕಲ್ಪನೆ ಗಟ್ಟಿಯಾದಂತೆ ಅಳಿಯಸಂತಾನವೂ ಸಡಿಲವಾಯಿತು. 1949ರ ಮದ್ರಾಸಿನ ಅಳಿಯಸಂತಾನ ಕಾಯ್ದೆ ಪಾಲುಪಟ್ಟಿಗೆ ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಮುಂದೆ ಹಳೆಯ ಕಟ್ಟು ಬಹುಪಾಲು ಹೆಸರಿಗಷ್ಟೇ ಉಳಿಯಿತು. ತಮ್ಮಲೆಯ ಜಾಗಕ್ಕೆ ಅಪ್ಪ ಬಂದ.

ಆಸ್ಟ್ರೇಲಿಯಾದ ಸಮಾಜಶಾಸ್ತ್ರಜ್ಞೆ ರೇವಿನ್ ಕಾನೆಲ್ ಹೇಳುವಂತೆ ಯಾವ ಸಮಾಜದಲ್ಲೂ ಗಂಡಸ್ತನ ಒಂದೇ ಇರುವುದಿಲ್ಲ. ಹಲವು ಇರುತ್ತವೆ, ಅವುಗಳಲ್ಲಿ ಒಂದು ಯಜಮಾನಿಕೆ ಪಡೆದು ಉಳಿದವನ್ನು ಕೆಳಗೆ ತಳ್ಳುತ್ತದೆ. ಯಜಮಾನಿಕೆಯ ಆ ಅಚ್ಚಿಗೆ ಪೂರ್ತಿ ಹೊಂದುವ ಗಂಡಸರು ತೀರ ಕಡಿಮೆ. ಹೊಂದದವರ ಕೀಳರಿಮೆಯೇ ಮಾರುಕಟ್ಟೆಯ ಬಂಡವಾಳ. 2005ರಲ್ಲಿ ಇಮಾಮಿ ಕಂಪನಿ ಗಂಡಸರಿಗಾಗಿಯೇ ‘ಫೇರ್ ಆ್ಯಂಡ್ ಹ್ಯಾಂಡ್‌ಸಮ್’ ಕ್ರೀಮನ್ನು ತಂದು, ಮುಂದೆ ಶಾರುಖ್ ಖಾನರಿಂದ ಪ್ರಚಾರ ಮಾಡಿಸಿತು. ಅಲ್ಲಿಯವರೆಗೆ ಬಣ್ಣದ ಚಿಂತೆ ಹೆಣ್ಣುಮಕ್ಕಳ ಪಾಲಿನದಾಗಿತ್ತು. ಇದೊಂದು ವಿಷಯದಲ್ಲಿ ಸಮಾನತೆ ಬೇಗ ಬಂತು ಎಂದು ನಗಬಹುದು. ಕೃಷ್ಣನ ಮೈಬಣ್ಣವನ್ನು ಹಾಡಿ ಹೊಗಳುವ ದೇಶದಲ್ಲಿ, ಬಿಸಿಲಲ್ಲಿ ಕಂದಿದ ಮುಖಗಳಿರುವ ಕರಾವಳಿಯಲ್ಲಿ, ಬಿಳುಪು ಗಂಡಿನ ಲಕ್ಷಣವೂ ಆಯಿತು.

ಬಿಳುಪಿನ ಬೆನ್ನಿಗೆ ಮೈಕಟ್ಟು ಬಂತು. ಪೇಟೆಗಳಲ್ಲಿ ಜಿಮ್ ತೆರೆದವು. ಮೈ ಸಾಮು ಮಾಡುವುದು ತುಳುನಾಡಿಗೆ ಹೊಸತಲ್ಲ. ಹೊಸತಾದದ್ದು ಕನ್ನಡಿ. ಎಷ್ಟು ಬೆಳೆಸಿದರೂ ತೋಳು ಸಣಕಲಾಗಿಯೇ ಕಾಣುವ ಮನೋವ್ಯಥೆಯನ್ನು ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 2000ದಲ್ಲಿ ‘ಅಡೋನಿಸ್ ಕಾಂಪ್ಲೆಕ್ಸ್’ ಎಂದು ಕರೆದರು. 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಗುರುತಿದೆ. ಬೇಗ ಉಬ್ಬಬೇಕೆಂದು ತೆಗೆದುಕೊಳ್ಳುವ ಸ್ಟೀರಾಯ್ಡುಗಳು ವೃಷಣವನ್ನು ಕುಗ್ಗಿಸುತ್ತವೆ, ವೀರ್ಯಾಣುಗಳನ್ನು ಕಡಿಮೆ ಮಾಡುತ್ತವೆ. ಹೊರಗೆ ಗಂಡಾಗಿ ಕಾಣಲು ಕೊಟ್ಟ ಬೆಲೆ ಅದು.

ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ ಚೆನ್ನಯರ ಹೆಸರಿನ ಜೋಡುಕರೆ ಕಂಬಳ, ಅಂದರೆ ಕೆಸರಿನ ಎರಡು ಕರೆಗಳಲ್ಲಿ ಕೋಣಗಳ ಓಟ, ನಡೆಯುತ್ತದೆ. ಕಂಬಳದ ಓಟಗಾರನ ಮೈ ಇನ್ನೊಂದು ಬಗೆಯದು. ಗದ್ದೆ ಕೆಲಸ, ಕೂಲಿ ಕೆಲಸ, ಕೋಣ ಸಾಕುವ ಕೆಲಸಗಳಲ್ಲಿ ತಾನಾಗಿ ಹದಗೊಂಡದ್ದು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಟ್ಟಿದರು. ಯಾರೋ ಭಾಗಿಸಿ ನೂರು ಮೀಟರಿಗೆ 9.55 ಸೆಕೆಂಡ್ ಎಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಬರೆದ ದಾಖಲೆ 9.58. ಕಟ್ಟಡ ಕಾರ್ಮಿಕನೊಬ್ಬನ ಬರಿಮೈಯ ಫೋಟೊ ರಾತ್ರಿ ಕಳೆಯುವುದರೊಳಗೆ ದೇಶವಿಡೀ ಹರಡಿತು. ಎಲ್ಲರ ಕಣ್ಣೂ ಹೊಟ್ಟೆಯ ಮೇಲಿನ ಗಂಟುಗಳ ಮೇಲೆ. ಕೇಂದ್ರ ಕ್ರೀಡಾ ಸಚಿವರು ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲಿ ಪರೀಕ್ಷೆಗೆ ಕರೆದರು. ಗೌಡರು ಹೋಗಲೊಪ್ಪಲಿಲ್ಲ. ಕಂಬಳದಲ್ಲಿ ಓಡುವುದು ಹಿಮ್ಮಡಿಯ ಬಲದಲ್ಲಿ, ಟ್ರ್ಯಾಕಿನಲ್ಲಿ ಓಡುವುದು ಬೆರಳ ತುದಿಯಲ್ಲಿ; ಅಲ್ಲದೆ ವೇಗದಲ್ಲಿ ಕೋಣಗಳ ಪಾಲೂ ಇದೆ ಎಂಬುದು ಅವರ ವಿವರಣೆಯ ತಿರುಳು. ‘ಜಗತ್ತಿನ ಅತಿ ವೇಗದ ಗಂಡಸು’ ಎಂಬ ಕಿರೀಟ ತಾನಾಗಿ ಬಂದಾಗ ಕೋಣಗಳ ಕಡೆಗೆ ಕೈ ತೋರಿದ್ದು ಸಣ್ಣ ಮಾತಲ್ಲ. ಎರಡು ವರ್ಷಗಳ ಬಳಿಕ, 2022ರಲ್ಲಿ, ‘ಕಾಂತಾರ’ ಸಿನಿಮಾ ಇದೇ ಕೆಸರಿನ ಕರೆಯಿಂದ ನಾಯಕನನ್ನು ಎಬ್ಬಿಸಿತು. ಅವನು ನಾಯಕಿಯ ಸೊಂಟ ಚಿವುಟುವ ದೃಶ್ಯಕ್ಕೆ ಆಕ್ಷೇಪಗಳೂ ಬಂದವು. ತುಳುನಾಡಿನ ಗಂಡೆಂದರೆ ಹೀಗೆ ಎಂದು ಹೊರಗಿನವರು ನಂಬಿದ್ದು ಹೆಚ್ಚಾಗಿ ಆ ಒಂದು ಚಿತ್ರದಿಂದ.

ಇಷ್ಟೆಲ್ಲ ರೂಪದ ಮಾತಾಯಿತು. ಮದುವೆಯ ಮಾತುಕತೆಯಲ್ಲಿ ಗಂಡಿನ ಆಕರ್ಷಣೆಯನ್ನು ಅಳೆಯುವ ಗಜಕಡ್ಡಿ ಬೇರೆಯೇ. ಬಂಟ್ವಾಳ, ಬೆಳ್ತಂಗಡಿಗಳ ಅಡಿಕೆ ತೋಟದ ಹುಡುಗನಿಗೆ ಹೆಣ್ಣು ಸಿಗುವುದು ಕಷ್ಟವಾಗಿದೆ. ಮರವೇರಿ ಕೊನೆ ಇಳಿಸಬಲ್ಲ, ಮದ್ದು ಬಿಡಬಲ್ಲ ಮೈಗಟ್ಟಿ ಆಳು, ಸ್ವಂತ ತೋಟ, ಸ್ವಂತ ಮನೆ. ಆದರೂ ಬೆಂಗಳೂರಿನ ಬಾಡಿಗೆ ಮನೆಯ ಸಾಫ್ಟ್‌ವೇರ್ ಹುಡುಗನ ಸಂಬಳದ ಚೀಟಿಯ ಎದುರು ಇವೆಲ್ಲ ನಿಲ್ಲವು. ಹೆಣ್ಣುಮಕ್ಕಳನ್ನು ದೂರಿ ಫಲವಿಲ್ಲ. ತೋಟದ ಮನೆಯಲ್ಲಿ ಸೊಸೆಯ ದುಡಿಮೆಗೆ ಕೂಲಿಯೂ ಇಲ್ಲ, ಪಹಣಿಯಲ್ಲಿ ಹೆಸರೂ ಇಲ್ಲ. ಮಂಡ್ಯ ಜಿಲ್ಲೆಯ ಅವಿವಾಹಿತ ರೈತರು 2023ರ ಫೆಬ್ರವರಿಯಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ಇದೇ ಕೊರಗಿನಿಂದ. ‘ಉದ್ಯೋಗಂ ಪುರುಷಲಕ್ಷಣಂ’ ಎಂದ ಸಮಾಜ ಈಗ ಕೃಷಿಯನ್ನು ಉದ್ಯೋಗದ ಪಟ್ಟಿಯಿಂದಲೇ ತೆಗೆದಿದೆ. ಅಂದಹಾಗೆ ಇದೇ ತಾಲೂಕುಗಳಲ್ಲಿ ಬೀಡಿ ಸುರುಟಿ ಮಕ್ಕಳನ್ನು ಓದಿಸಿದ ತಾಯಂದಿರು ಮನೆಮನೆಯಲ್ಲಿದ್ದಾರೆ. ಅವರ ಉದ್ಯೋಗ ಯಾವ ಲಕ್ಷಣ ಎಂದು ಗಾದೆ ಹೇಳುವುದಿಲ್ಲ.

ಅಳಬಾರದೆಂಬ ಗಾದೆಯ ಲೆಕ್ಕ ಇನ್ನೊಂದು ಕಡೆ ಬೀಳುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಪ್ರಕಾರ 2022ರಲ್ಲಿ ದೇಶದಲ್ಲಿ ಸುಮಾರು 1.7 ಲಕ್ಷ ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ನೂರಕ್ಕೆ 72ರಷ್ಟು ಗಂಡಸರು. ಸಾಲ, ಕುಡಿತ, ಕಾಯಿಲೆ, ಸಂಸಾರದ ಜಗಳ ಎಂದು ಕಾರಣಗಳು ಹಲವು. ಕಷ್ಟವನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು ನಾಚಿಕೆಗೇಡು ಎಂದು ಚಿಕ್ಕಂದಿನಿಂದ ಕಲಿತವರು ಅವರಲ್ಲಿ ಬಹಳ.

ಅಚ್ಚು ಅಲ್ಲಲ್ಲಿ ಬಿರುಕು ಬಿಟ್ಟಿರುವುದೂ ನಿಜ, ಅದೂ ಗಂಡುಕಲೆಯಲ್ಲೇ. ಭಾಗವತಿಕೆ, ಅಂದರೆ ಯಕ್ಷಗಾನದ ಹಾಡುಗಾರಿಕೆ, ಹೆಂಗಸರ ಗಂಟಲಿಗೆ ಒಗ್ಗದೆಂಬ ನಂಬಿಕೆ ಬಲವಾಗಿದ್ದಾಗ ಲೀಲಾವತಿ ಬೈಪಡಿತ್ತಾಯರು ವೃತ್ತಿಮೇಳಗಳ ರಂಗದಲ್ಲಿ ಕುಳಿತು ಹಾಡಿ ತೋರಿಸಿದರು. ಬೆಳ್ತಂಗಡಿ ತಾಲೂಕಿನ ಅರುವ ಮೇಳವೂ ಅವರು ಹಾಡಿದ ಮೇಳಗಳಲ್ಲಿ ಒಂದು. ಈಗ ಶಾಲೆ ಕಾಲೇಜುಗಳ ಯಕ್ಷಗಾನ ತರಗತಿಗಳಲ್ಲಿ ಹುಡುಗರಷ್ಟೇ ಹುಡುಗಿಯರೂ ಹೆಜ್ಜೆ ಕಲಿಯುತ್ತಾರೆ, ದಿಗಿಣ ಹೊಡೆಯುತ್ತಾರೆ. ಮಹಿಳಾ ತಂಡಗಳಲ್ಲಿ ಅರ್ಜುನನೂ ಮಹಿಷಾಸುರನೂ ಹೆಂಗಸರೇ. ಅಂಥ ಆಟದ ಕರೆಯೋಲೆಯಲ್ಲೂ ‘ಕರಾವಳಿಯ ಗಂಡುಕಲೆ’ ಎಂಬ ಸಾಲು ಮಾತ್ರ ಬದಲಾಗದೆ ಅಚ್ಚಾಗುತ್ತಿರುತ್ತದೆ.